ಯೋಗ್ಯತಾಂಕದ ವೃದ್ಧಿಹ್ರಾಸ ವಿಚಾರ

ತೂಕದ ಕಲ್ಲುಗಳನ್ನು ಯಾವ ದ್ರವ್ಯದಿಂದ ಮಾಡಬೇಕೆಂಬ ವಿಷಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ವಿಧಿಯುಂಟು. ಅವು ಕಬ್ಬಿಣದವಾಗಿರಬೇಕು, ಇಲ್ಲವೆ ಮಗಧ, ಮೇಕಲ ದೇಶಗಳ ಶಿಲೆಯವಾಗಿರಬೇಕು, ಅದೂ ದೊರೆಯದಿದ್ದಲ್ಲಿ, ನೀರು ತಗಲಿದರೂ ಲೇಪ ಹತ್ತಿದರೂ ವೃದ್ಧಿ ಹೊಂದದ, ಉಷ್ಣದಿಂದ ಹ್ರಾಸ ಹೊಂದದ ಮತ್ತಾವುದಾದರೂ ವಸ್ತುವಿನಿಂದ ಮಾಡಿದವಾಗಿರಬೇಕು. ಇಷ್ಟು ಎಚ್ಚರಿಕೆಯಿಂದ ಮಾಡಿಸಿದ ಮೇಲೂ ಆ ಗ್ರಂಥಕಾರನಿಗೆ ನಂಬಿಕೆ ಸಾಲದು. ನಾಲ್ಕು ತಿಂಗಳಿಗೊಮ್ಮೆ ಪೌತವಾಧ್ಯಕ್ಷನು ಅವನ್ನು ಪರೀಕ್ಷಿಸಿ ಮುದ್ರೆಯೊತ್ತಬೇಕು. ಮುದ್ರೆಯಿಲ್ಲದ ಕಲ್ಲನ್ನು ಬಳಸಿದವನು 27¼ ಪಣ ದಂಡ ತೆರಬೇಕು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಈ ಗ್ರಂಥದಲ್ಲಿ ಜನರು ಹೆಚ್ಚಾಗಿ ಓದುವುದು ರಾಜನೀತಿಯನ್ನು, ಗೂಢಚಾರರ ಕಥೆಯನ್ನು. ತಕ್ಕಡಿಯ ಅಧ್ಯಾಯವನ್ನು ಓದುವವರು ವಿರಳ. ಓದಿದರೆ ಲಾಭವುಂಟು.

ಕಬ್ಬಿಣದ ಕಲ್ಲಿಗೇ ಇಷ್ಟು ಕಾವಲು ಬೇಕಾದರೆ, ಮನುಷ್ಯರನ್ನೇ ಕಲ್ಲುಗಳನ್ನಾಗಿ ಮಾಡಿಕೊಂಡು ಮನುಷ್ಯರನ್ನು ತೂಗುವಲ್ಲಿ ಎಷ್ಟು ಬೇಕಾದೀತು? ಈ ಪ್ರಶ್ನೆ ವಿನೋದಕ್ಕೆ ಕೇಳಿದ್ದಲ್ಲ. ಮೇಜಿನ ಮೇಲೆ ಸಣ್ಣ ಚೆಂಡಿನಿಂದ ಆಡುವ ಟೇಬಲ್ ಟೆನ್ನಿಸ್ ಆಟದಲ್ಲಿಯೂ ಚದುರಂಗದಲ್ಲಿಯೂ ಪ್ರತಿಯೊಬ್ಬ ಆಟಗಾರನ ಹೆಸರಿನ ಮುಂದೆ ಒಂದು ಅಂಕವನ್ನು ಬರೆದಿಡುವ ಪದ್ಧತಿಯುಂಟು. ಅದನ್ನು ರೇಟಿಂಗ್ ಎನ್ನುವರು; ಯೋಗ್ಯತಾಂಕವೆಂದು ಕನ್ನಡಿಸಬಹುದು. ಬಹುಕಾಲ ಆಡಿದವರಲ್ಲಿ ಈ ಅಂಕದ ಕುರಿತು ಎರಡು ಬಗೆಯ ದೂರುಗಳು ಕೇಳಬರುತ್ತವೆ. ಅಂಕವು ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದೆ, ಇಂದಿನ 1800 ಹಿಂದಿನ 1600ಕ್ಕೆ ಸಮವೆಂದು ಒಬ್ಬರು ಹೇಳುವರು. ಅಂಕವು ಕುಗ್ಗುತ್ತಿದೆ, ಮೊದಲಿಗಿಂತ ಚೆನ್ನಾಗಿ ಆಡಿದರೂ ತಮ್ಮ ಸಂಖ್ಯೆ ಇಳಿಯುತ್ತಿದೆಯೆಂದು ಮತ್ತೊಬ್ಬರು ಕೊರಗುವರು. ಇಬ್ಬರೂ ಒಂದೇ ಮೇಜಿನ ಎರಡು ಬದಿಗಳಲ್ಲಿ ನಿಂತವರೆಂಬುದೇ ಇಲ್ಲಿಯ ಸ್ವಾರಸ್ಯ.

ಮೊದಲು ಆ ಅಂಕವು ಹುಟ್ಟುವ ಬಗೆಯನ್ನು ತಿಳಿಯಬೇಕು. ಅಮೇರಿಕೆಯ ಟೇಬಲ್ ಟೆನ್ನಿಸ್ ಸಂಸ್ಥೆಯು ಬಹುಕಾಲ ನಡೆಸಿದ ಕೋಷ್ಟಕವು ಇದಕ್ಕೆ ಒಳ್ಳೆಯ ನಿದರ್ಶನ. ಸಮಾನ ಅಂಕದ ಇಬ್ಬರು ಆಡಿದರೆ ಗೆದ್ದವನಿಗೆ 8 ಸೇರುತ್ತದೆ, ಸೋತವನಿಂದ 8 ಹೋಗುತ್ತದೆ. ಇಬ್ಬರ ನಡುವೆ ಸುಮಾರು 100 ಅಂಕಗಳ ಅಂತರವಿದ್ದರೆ, ಮೇಲಿನವನು ಗೆದ್ದಾಗ ಅವನಿಗೆ ಬರುವುದು 4 ಮಾತ್ರ. ಕೆಳಗಿನವನು ಗೆದ್ದರೆ ಅವನಿಗೆ 20. ಅಂತರವು 238ನ್ನು ಮುಟ್ಟಿದ ಮೇಲೆ, ಬಲಶಾಲಿಯ ಗೆಲುವಿಗೆ ಏನೂ ಇಲ್ಲ. ದುರ್ಬಲನ ಗೆಲುವಿಗೆ 50. ಎಲ್ಲ ಸಂದರ್ಭಗಳಲ್ಲಿಯೂ ಒಬ್ಬನಿಗೆ ಬಂದಷ್ಟೇ ಇನ್ನೊಬ್ಬನಿಂದ ಹೋಗುತ್ತದೆ. ಎಂದರೆ ಪಂದ್ಯದಲ್ಲಿ ಅಂಕವು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಹೋಗುತ್ತದೆ, ಅಷ್ಟೆ.

ಹೀಗಿರಲು ಉಬ್ಬುವುದೆಲ್ಲಿ, ಕುಗ್ಗುವುದೆಲ್ಲಿ? ಶಹಾಪುರ ತಾಲ್ಲೂಕಿನ ವನದುರ್ಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜಲದುರ್ಗ, ಗಿರಿದುರ್ಗ, ಮರುದುರ್ಗ, ವನದುರ್ಗವೆಂದು ಕೌಟಿಲ್ಯನು ಎಣಿಸಿದ ನಾಲ್ಕು ಬಗೆಯ ಕೋಟೆಗಳಲ್ಲಿ ಕೊನೆಯದರ ಹೆಸರನ್ನೇ ಹೊತ್ತು, ಸುರಪುರದ ನಾಯಕರ ಕಾಲದ ಕೋಟೆಯನ್ನು ಇಟ್ಟುಕೊಂಡಿರುವ ಊರು ಅದು. ಸುತ್ತಲೂ ಗೋಡೆಯಿರುವ ಸ್ಥಳವು ಈ ವಿಚಾರಕ್ಕೆ ಅನುಕೂಲ. ಅಲ್ಲಿ ಎಂಟು ಜನರು ಕೂಡಿ ಒಂದು ಮೇಜನ್ನು ಹಾಕಿಕೊಂಡರೆಂದೂ, ಒಬ್ಬೊಬ್ಬರಿಗೆ 1000ದಂತೆ ಒಟ್ಟು 8000 ಅಂಕಗಳನ್ನು ಹಂಚಿಕೊಂಡು ತಮ್ಮ ತಮ್ಮಲ್ಲೇ ಆಡುತ್ತಿರುವರೆಂದೂ ಭಾವಿಸೋಣವಾಗಲಿ. ಐದು ವರ್ಷ ದಿನವೂ ಆಡಿ ಎಂಟು ಜನರೂ ಒಂದೇ ಸಮನಾಗಿ ನಿಪುಣರಾದರು. ಅವರ ಅಂಕಗಳ ಮೊತ್ತವೆಷ್ಟು? 8000. ಸರಾಸರಿ ಎಷ್ಟು? 1000. ಐದು ವರ್ಷಗಳ ಬೆವರಿಗೆ ಲೆಕ್ಕದ ಪುಸ್ತಕದಲ್ಲಿ ಒಂದು ಗೆರೆಯೂ ಏರಲಿಲ್ಲ. ಎಲ್ಲರೂ ಸಮನಾಗಿ ಸೋಮಾರಿಗಳಾಗಿ ಕೈ ಮರೆತಿದ್ದರೂ ಮೊತ್ತವು ಅದೇ 8000 ಆಗಿರುತ್ತಿತ್ತು.

ಇಲ್ಲಿ ವೈಶೇಷಿಕರ ಮಾತು ಸಹಾಯಕ್ಕೆ ಬರುತ್ತದೆ. ಒಂದು ಎಂಬ ಸಂಖ್ಯೆ ವಸ್ತುವಿನಲ್ಲಿಯೇ ಇರುವುದು; ಎರಡು ಮೊದಲಾದವು ನೋಡುವವನ ಅಪೇಕ್ಷಾಬುದ್ಧಿಯಿಂದ ಹುಟ್ಟುವುವೆಂದು ಅವರ ಸಿದ್ಧಾಂತ. ನೆಲ್ಲಿಕಾಯಿಯನ್ನು ಬಿಲ್ವಫಲದ ಪಕ್ಕದಲ್ಲಿಟ್ಟರೆ ಸಣ್ಣದೆನ್ನುತ್ತೇವಷ್ಟೆ? ನೆಲ್ಲಿಕಾಯಿಯ ಗಾತ್ರದಲ್ಲಿ ಏನೂ ಕಡಿಮೆಯಾಗಿಲ್ಲ. ಆ ಸಣ್ಣತನವು ಕೇವಲ ಭಾಕ್ತ, ಎಂದರೆ ಔಪಚಾರಿಕ ವ್ಯವಹಾರವೆಂದು ಪ್ರಶಸ್ತಪಾದರು ವಿವೇಚಿಸಿದ್ದಾರೆ. ಯೋಗ್ಯತಾಂಕವೂ ಇದೇ ಜಾತಿಯದು. ಆಟಗಾರನ ಕೈಯಲ್ಲಿರುವ ನೈಪುಣ್ಯವು ವಸ್ತುಧರ್ಮ. ಅಂಕವಾದರೋ ಅವನನ್ನೂ ಅವನ ಎದುರಾಳಿಗಳನ್ನೂ ಒಟ್ಟಿಗೆ ನೋಡಿದ ಬುದ್ಧಿಯಿಂದ ಹುಟ್ಟಿದ್ದು. ಎಂಟು ಜನರಿಗೂ ಒಂದು ರಾತ್ರಿ ತಲಾ 500 ಸೇರಿಸಿದರೆ ಮರುದಿನದ ಒಂದು ಪಂದ್ಯದ ಫಲವೂ ಬದಲಾಗದು, ಕೊಡುಕೊಳ್ಳುವ ಲೆಕ್ಕವೂ ಬದಲಾಗದು. ಅಂತರಗಳು ಮೊದಲಿದ್ದಂತೆಯೇ ಇರುತ್ತವೆ. ಹೀಗಾಗಿ ಮುಚ್ಚಿದ ಬಾಗಿಲೊಳಗೆ ಉಬ್ಬರ ಇಳಿತಗಳೆಂಬ ಮಾತಿಗೇ ಅರ್ಥವಿಲ್ಲವೆನ್ನಬೇಕು.

ಅರ್ಥ ಬರುವುದು ಬಾಗಿಲು ತೆರೆದಾಗ. ಆ ಎಂಟರಲ್ಲಿ ಒಬ್ಬ ಹುಡುಗನು ಮಿಕ್ಕವರಿಗಿಂತ ಬೇಗ ಕಲಿತು 1400ಕ್ಕೆ ಏರಿ, ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೊರಟುಹೋದನೆನ್ನಿ. ಅವನು ಬಂದಾಗ ತಂದದ್ದು 1000, ಹೋಗುವಾಗ ಒಯ್ದದ್ದು 1400. ಉಳಿದ ಏಳು ಜನರಲ್ಲಿ ಈಗ 6600 ಮಾತ್ರ. ತಲಾ ಸುಮಾರು 943. ಅವರಲ್ಲಿ ಯಾರ ಕೈಯೂ ಮೊದಲಿಗಿಂತ ಕೆಟ್ಟಿಲ್ಲ. ಆದರೂ ಎಲ್ಲರೂ ಬಡವರಾದರು. ಇನ್ನು ಇದರ ವಿಪರೀತವನ್ನು ನೋಡುವುದು. ಬ್ಯಾಟು ಹಿಡಿಯಲೂ ಬಾರದ ಒಬ್ಬನು ಬಂದನು. ಅವನಿಗೂ ರೂಢಿಯಂತೆ 1000 ಕೊಟ್ಟರು. ಮೂರು ತಿಂಗಳು ಸೋತು, 300ನ್ನು ಊರವರಿಗೆ ಹಂಚಿ, ಬೇಸರವಾಗಿ 700ರೊಡನೆ ಬಿಟ್ಟುಹೋದನು. ಅವನ 300 ಉಳಿದವರ ಚೀಲಗಳಲ್ಲಿ ಉಳಿಯಿತು; ಯಾರೂ ಒಂದು ಹೊಸ ಹೊಡೆತ ಕಲಿಯದೆ ಎಲ್ಲರೂ ಶ್ರೀಮಂತರಾದರು. ಹಾಗಾದರೆ ಉಬ್ಬರ ಇಳಿತಗಳನ್ನು ತೀರ್ಮಾನಿಸುವುದು ಆಡುವವರ ಯೋಗ್ಯತೆಯಲ್ಲ. ಒಳಗೆ ಬರುವವನು ಏನು ತಂದನು, ಹೊರಗೆ ಹೋಗುವವನು ಏನು ಒಯ್ದನು ಎಂಬ ಎರಡರ ವ್ಯತ್ಯಾಸ. ಕಲಿಯುವವರು ಬಹಳವಾಗಿ, ಕಲಿತು ಹೋಗುವವರೂ ಬಹಳವಾದ ಕಡೆ ಅಂಕವು ಕುಗ್ಗುತ್ತದೆ. ಆಸೆಪಟ್ಟು ಬಂದು ಬೇಗ ಬಿಡುವವರು ಬಹಳವಾದ ಕಡೆ ಉಬ್ಬುತ್ತದೆ. ಎರಡು ದೂರುಗಳೂ ಹೀಗೆ ಏಕಕಾಲದಲ್ಲಿ ನಿಜವಾಗಬಲ್ಲವು, ಬೇರೆ ಬೇರೆ ಊರುಗಳಲ್ಲಿ.

ಇದರಲ್ಲಿ ಧರ್ಮದ ಪ್ರಶ್ನೆ ಎಲ್ಲಿಯದೆಂದು ವಾಚಕರು ಕೇಳಬಹುದು. ಅದು ಇಲ್ಲಿದೆ. ಆ ಹುಡುಗನು ಒಯ್ದ 400 ಅಂಕಗಳು ಬಹುಮಟ್ಟಿಗೆ ಯಾರವು? ಸಂಜೆ ಸಂಜೆ ಅವನೊಡನೆ ನಿಂತು ಆಡಿದವನವು. ಎಡಗಡೆಯ ಹೊಡೆತವನ್ನು ಹೀಗೆ ತಿರುಗಿಸಬೇಕೆಂದು ತೋರಿಸಿದವನವು. ಅವನಿಗೆ ಮೊದಲು ಸುಲಭವಾಗಿ ಸೋತು ಕೊನೆಗೆ ನಿಜವಾಗಿಯೇ ಸೋತವನವು. ಪುಸ್ತಕದಲ್ಲಿ 100 ಅಂಕ ಕೆಳಗಿರುವ ಶಿಷ್ಯನಿಗೆ ಒಂದು ಸಲ ಸೋತರೆ ಗುರುವಿಗೆ 20 ನಷ್ಟ. ಆ ನಷ್ಟವನ್ನು ತುಂಬಲು ಅದೇ ಶಿಷ್ಯನನ್ನು ಐದು ಸಲ ಗೆಲ್ಲಬೇಕು, ಅವನೋ ದಿನಕ್ಕಿಂತ ದಿನ ಬಲಿಯುತ್ತಿರುವವನು. ಕಲಿಸಿದಷ್ಟೂ ಕಲಿಸಿದವನು ಬಡವನಾಗುವ ವ್ಯವಸ್ಥೆಯಿದು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ಹಿರಿಯರು ಹೇಳಿಟ್ಟಿದ್ದಾರೆ, ನಿಜ. ಆದರೆ ಬಯಸುವುದು ಗುರುವಿನ ಧರ್ಮ. ಅದನ್ನು ದಂಡದಂತೆ ವಸೂಲು ಮಾಡುವುದು ಲೆಕ್ಕಿಗನ ಧರ್ಮವಲ್ಲ. ಶಾಲೆಯ ಉಪಾಧ್ಯಾಯನು ಒಬ್ಬ ಹುಡುಗನಿಗೆ ಗಣಿತ ಕಲಿಸಿದ ಮಾತ್ರಕ್ಕೆ ಅವನ ಗಣಿತದಲ್ಲಿ ಕಡಿತವಾಗುವುದಿಲ್ಲ. ವಿದ್ಯಾಧನವು ಕೊಟ್ಟಷ್ಟೂ ಹೆಚ್ಚುವುದೆಂದು ಮಕ್ಕಳಿಂದ ಬಾಯಿಪಾಠ ಮಾಡಿಸುವ ದೇಶದಲ್ಲಿ, ಕೊಟ್ಟಷ್ಟೂ ಕಡಿಮೆಯಾಗುವ ವಿದ್ಯಾಂಕವೊಂದು ಬಂದು ಕುಳಿತಿದೆ.

ಇದರ ಫಲವನ್ನು ಮನುಷ್ಯಸ್ವಭಾವ ಬಲ್ಲವರು ಊಹಿಸಬಹುದು. ಅಂಕದ ಮೇಲೆ ಮಮತೆಯುಳ್ಳ ಹಿರಿಯನು ಬೆಳೆಯುವ ಹುಡುಗರೊಡನೆ ಆಡುವುದನ್ನೇ ನಿಲ್ಲಿಸುತ್ತಾನೆ. ಚದುರಂಗದಲ್ಲಿ, ಭಾರತದ ಪಂದ್ಯಾವಳಿಗಳಿಗೆ ಬರುವ ಅನ್ಯದೇಶದ ನಿಪುಣರು ಇಲ್ಲಿಯ ಅಲ್ಪಾಂಕದ ಮಕ್ಕಳಿಗೆ ಅಂಜುವರೆಂಬ ಮಾತು ಪ್ರಸಿದ್ಧವೇ ಆಗಿದೆ. ಅವರ ಅಂಜಿಕೆ ಆಟಕ್ಕಲ್ಲ, ಅಂಕಕ್ಕೆ.

ಯಾದಗಿರಿ, ಶಹಾಪುರ, ಸುರಪುರ ಪ್ರಾಂತದ ಹಳೆಯ ಮನೆಗಳಿಗೆ ಈ ಬಗೆಯ ತೊಡಕು ತೀರ ಹೊಸದಾಗಿ ತೋರಬಾರದು. ನಿಜಾಮರ ಸಂಸ್ಥಾನದ ಆಳ್ವಿಕೆಯಲ್ಲಿ ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ. ಸಂಸ್ಥಾನದ ಗಡಿ ದಾಟಿದರೆ ಬ್ರಿಟಿಷರ ಕಲದಾರ್ ರೂಪಾಯಿ. ಎರಡಕ್ಕೂ ಹೆಸರು ರೂಪಾಯಿಯೇ, ಎರಡೂ ಬೆಳ್ಳಿಯವೇ. ಆದರೆ ಹಾಲಿಯ ಏಳು ಕೊಟ್ಟರೆ ಕಲದಾರಿನ ಆರು. ಎಂದರೆ ಒಂದು ಕಲದಾರ್ ರೂಪಾಯಿಗೆ ಹಾಲಿಯ ಒಂದು ರೂಪಾಯಿ ಎರಡು ಆಣೆ ಎಂಟು ಪೈ. ಊರೊಳಗೇ ಹುಟ್ಟಿ ಊರೊಳಗೇ ಕೊಂಡು ಮಾರಿ ಬಾಳಿದವನಿಗೆ ಹಾಲಿ ರೂಪಾಯಿ ಪೂರ್ಣ ರೂಪಾಯಿಯೇ ಆಗಿತ್ತು. 1874ರಿಂದ ನಿಜಾಮರ ರೈಲುಮಾರ್ಗವು ಬ್ರಿಟಿಷ್ ಕಂಪನಿಯ ಮಾರ್ಗವನ್ನು ಕೂಡಿದ ವಾಡಿಯಂತಹ ಜಾಗದಲ್ಲಿ ಎರಡು ಚೀಲಗಳು ಎದುರುಬದುರಾದಾಗ ಮಾತ್ರ ಆ ಏಳನೆಯ ರೂಪಾಯಿಯ ಲೆಕ್ಕ ಹುಟ್ಟುತ್ತಿತ್ತು. ವನದುರ್ಗದ 1000ವೂ ಬೆಂಗಳೂರಿನ 1000ವೂ ಹೀಗೆಯೇ. ಇಲ್ಲಿಯ ಒಬ್ಬನು ಅಲ್ಲಿಗೆ ಹೋಗಿ ಆಡುವವರೆಗೆ ಅವುಗಳ ವಿನಿಮಯದ ದರವನ್ನು ಯಾವ ಪಂಡಿತನೂ ಹೇಳಲಾರನು. ಹೋದವನು ಒಬ್ಬನೇ ಆದರೆ, ಇಡೀ ಊರಿನ ನಾಣ್ಯವನ್ನು ಪರೀಕ್ಷಿಸುವ ಭಾರ ಅವನೊಬ್ಬನ ಮೇಲೆ ಬೀಳುತ್ತದೆ.

ಸಿಕ್ಕಾ ಎಂಬ ಶಬ್ದದ ಹಿಂದೆ ಇನ್ನೂ ಒಂದು ಕಥೆಯಿದೆ. ಬಂಗಾಳದಲ್ಲಿ ಹದಿನೆಂಟನೆಯ ಶತಮಾನದಲ್ಲಿ ರೂಪಾಯಿಯ ಮೇಲೆ ಅರಸನ ಆಳ್ವಿಕೆಯ ವರ್ಷವನ್ನು ಒತ್ತುತ್ತಿದ್ದರು. ಮೊದಲನೆಯ ವರ್ಷ ಆ ನಾಣ್ಯಕ್ಕೆ ಪೂರ್ಣ ಬೆಲೆ. ಎರಡನೆಯ ವರ್ಷ ನೂರಕ್ಕೆ 3ರಂತೆ ಬಟ್ಟಾ ಕಳೆಯುತ್ತಿದ್ದರು. ಮೂರನೆಯ ವರ್ಷದಿಂದ 5ರಂತೆ. ಪೆಟ್ಟಿಗೆಯಲ್ಲಿ ಮುಟ್ಟದೆ ಇಟ್ಟಿದ್ದರೂ, ಬೆಳ್ಳಿ ಒಂದು ಗುಲಗಂಜಿ ತೂಕ ಸವೆಯದಿದ್ದರೂ, ವಯಸ್ಸಾದದ್ದೇ ಅಪರಾಧವಾಗಿ ನಾಣ್ಯವು ಇಳಿಯುತ್ತಿತ್ತು. ವ್ಯವಹಾರ ಕೆಟ್ಟು, ಕೊನೆಗೆ ಕಂಪನಿ ಸರ್ಕಾರವು ಮಾಡಿದ ಉಪಾಯ ವಿಚಿತ್ರವಾದುದು. ಷಾ ಆಲಮನ 19ನೆಯ ವರ್ಷವೆಂಬ ಮುದ್ರೆಯನ್ನೇ ಮುಂದೆ ಅನೇಕ ವರ್ಷಗಳ ನಾಣ್ಯಗಳ ಮೇಲೆಲ್ಲ ಒತ್ತಿಸಿದರು! ವರ್ಷದ ಅಂಕೆ ಸುಳ್ಳು. ಆದರೆ ಆ ಸುಳ್ಳಿನಿಂದ ಬೆಳ್ಳಿಗೆ ಬೆಳ್ಳಿಯ ಬೆಲೆ ದೊರೆಯಿತು. ಇಂತಹದನ್ನು ಅಸತ್ಯವೆನ್ನಬೇಕೋ, ಅಸತ್ಯದ ತಿದ್ದುಪಡಿಯೆನ್ನಬೇಕೋ?

ಯೋಗ್ಯತಾಂಕದ ಟಂಕಸಾಲೆಗಳೂ ಇದೇ ಸಂಕಟವನ್ನು ಎದುರಿಸಿವೆ. ಅಮೇರಿಕೆಯ ಟೇಬಲ್ ಟೆನ್ನಿಸ್ ಸಂಸ್ಥೆಯು, ಒಂದೇ ಪಂದ್ಯಾವಳಿಯಲ್ಲಿ 50ಕ್ಕಿಂತ ಹೆಚ್ಚು ಅಂಕ ಗಳಿಸಿದವನ ಹಳೆಯ ಅಂಕವೇ ಹಳಸಿದ್ದೆಂದು ತಿಳಿದು, ಅದನ್ನು ಮೊದಲು ಮೇಲಕ್ಕೆ ಸರಿಪಡಿಸಿ, ಅನಂತರ ಅವನಿಗೆ ಸೋತವರ ನಷ್ಟವನ್ನು ಲೆಕ್ಕ ಹಾಕುವ ಮಾರ್ಗವನ್ನು ಹಿಡಿಯಿತು. ಚದುರಂಗದಲ್ಲಿ ಅಂಕಪದ್ಧತಿಯನ್ನು ಶಾಸ್ತ್ರೀಯವಾಗಿ ಕಟ್ಟಿದವರು ಹಂಗೇರಿಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅರ್ಪಾದ್ ಏಲೋ. 1970ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಡೆ ಅದನ್ನು ಸ್ವೀಕರಿಸಿತು. ಅಲ್ಲಿ ಹದಿನೆಂಟರೊಳಗಿನ ಕಿರಿಯರಿಗೆ, ಅಂಕವು 2300ರ ಕೆಳಗಿರುವವರೆಗೆ, ಗುಣಕ 40. ಸಾಮಾನ್ಯ ಹಿರಿಯರಿಗೆ 20. ಸಮಾನಾಂಕದ ಹುಡುಗನು ಹಿರಿಯನನ್ನು ಗೆದ್ದರೆ ಹುಡುಗನಿಗೆ 20 ಬರುತ್ತದೆ, ಹಿರಿಯನಿಂದ ಹೋಗುವುದು 10 ಮಾತ್ರ. ಮಿಕ್ಕ 10 ಎಲ್ಲಿಂದ ಬಂತು? ಶೂನ್ಯದಿಂದ. ಹುಡುಗನು ಸೋತರೆ ಅಷ್ಟೇ ಶೂನ್ಯಕ್ಕೆ ಹೋಗುತ್ತದೆ. ಆದರೆ ಬೆಳೆಯುವವನು ನಿರೀಕ್ಷೆಗಿಂತ ಹೆಚ್ಚು ಗೆಲ್ಲುವವನಾದ ಕಾರಣ ಒಟ್ಟಿನಲ್ಲಿ ಹೊಸ ಅಂಕವು ಹುಟ್ಟುತ್ತದೆ. ಗುರುವಿನ ಚೀಲದಿಂದ ತೆಗೆಯದೆ ಶಿಷ್ಯನಿಗೆ ಕೊಡುವ ಉಪಾಯವಿದು. ಇಷ್ಟಾದರೂ ಸಾಲದೆ, 2024ರ ಮಾರ್ಚ್ ತಿಂಗಳಲ್ಲಿ ಫೀಡೆಯು 2000ಕ್ಕಿಂತ ಕೆಳಗಿನ ಅಂಕಗಳನ್ನೆಲ್ಲ ಒಮ್ಮೆಗೇ ಎತ್ತಿತು. 2000ಕ್ಕೆ ಎಷ್ಟು ಕಡಿಮೆಯಿದೆಯೋ ಅದರ ಹತ್ತರಲ್ಲಿ ನಾಲ್ಕು ಪಾಲನ್ನು ಸೇರಿಸಿತು: 1000 ಇದ್ದವನು 1400 ಆದನು, 1500 ಇದ್ದವನು 1700, 1900 ಇದ್ದವನು 1940. ಬೆಳ್ಳಿಯಲ್ಲಿ ತಾಮ್ರ ಬೆರಸಿದ ಅರಸನನ್ನು ಜನರು ಶಪಿಸುವರು, ಏಕೆಂದರೆ ಮಿಗಿಸಿದ ಬೆಳ್ಳಿ ಅವನ ಬೊಕ್ಕಸಕ್ಕೆ ಹೋಗುತ್ತದೆ. ಇಲ್ಲಿ ಯಾರ ಬೊಕ್ಕಸವೂ ತುಂಬಲಿಲ್ಲ. ನಿಯಮವನ್ನು ಮೊದಲೇ ಸಾರಿ ಎಲ್ಲರಿಗೂ ಒಂದೇ ಸೂತ್ರವನ್ನು ಹಚ್ಚಿದರು. ಮೋಸವೆಂದು ಇದನ್ನು ಕರೆಯುವುದು ಅನ್ಯಾಯ. ಆದರೆ ಆ ತಿಂಗಳ ಹಿಂದಿನ 1500ನ್ನೂ ಮುಂದಿನ 1500ನ್ನೂ ಒಂದೇ ಎಂದು ಹೇಳಿಕೊಂಡು ತಿರುಗುವವನು ಮೋಸಗಾರನೇ ಸರಿ.

ಹಿಂದಿನವರನ್ನೂ ಇಂದಿನವರನ್ನೂ ಹೋಲಿಸುವ ಚಪಲವು ಸುಲಭವಾಗಿ ಬಿಡತಕ್ಕದ್ದಲ್ಲ. ಬಾಬಿ ಫಿಷರನು 1972ರಲ್ಲಿ ಮುಟ್ಟಿದ ಶಿಖರ 2785. ಮ್ಯಾಗ್ನಸ್ ಕಾರ್ಲ್‌ಸನನು 2014ರಲ್ಲಿ ಮುಟ್ಟಿದ್ದು 2882. ಈ 97 ಅಂಕಗಳು ಯೋಗ್ಯತೆಯವೋ ಉಬ್ಬರದವೋ? ಅಂಕವನ್ನೇ ಕೇಳಿದರೆ ಉತ್ತರ ಬಾರದು. ಚದುರಂಗಕ್ಕೆ ಒಂದು ಭಾಗ್ಯವುಂಟು: ನಡೆಗಳೆಲ್ಲ ಬರಹದಲ್ಲಿ ಉಳಿದಿವೆ. ಕೆನೆತ್ ರೀಗನ್, ಗೈ ಹಾವರ್ತ್ ಎಂಬ ವಿದ್ವಾಂಸರು ಆ ಹಳೆಯ ನಡೆಗಳನ್ನು ಗಣಕಯಂತ್ರದಿಂದ ಪರೀಕ್ಷಿಸಿ, 1970ರ ದಶಕದಿಂದೀಚೆಗೆ ಉಬ್ಬರವು ಇಲ್ಲವೆನ್ನುವಷ್ಟು ಅಲ್ಪವೆಂದು 2011ರಲ್ಲಿ ನಿರ್ಣಯಿಸಿದರು. ಟೇಬಲ್ ಟೆನ್ನಿಸ್ಸಿಗೆ ಈ ಭಾಗ್ಯವಿಲ್ಲ. 2000ದಲ್ಲಿ ಚೆಂಡಿನ ವ್ಯಾಸವು 38 ಮಿಲಿಮೀಟರಿನಿಂದ 40ಕ್ಕೆ ಏರಿತು. 2001ರಲ್ಲಿ 21 ಅಂಕಗಳ ಆಟವು 11 ಅಂಕಗಳದಾಯಿತು. 2008ರಲ್ಲಿ ರಬ್ಬರಿಗೆ ವೇಗ ಕೊಡುವ ಅಂಟನ್ನು ನಿಷೇಧಿಸಿದರು. 2014ರಿಂದ ಸೆಲ್ಯುಲಾಯಿಡ್ ಹೋಗಿ ಪ್ಲಾಸ್ಟಿಕ್ಕಿನ ಚೆಂಡು ಬಂದಿತು. ಕಲ್ಲು, ತಕ್ಕಡಿ, ಧಾನ್ಯ ಮೂರೂ ಬದಲಾದ ಮೇಲೆ ಅಜ್ಜನ ಸೇರನ್ನೂ ಮೊಮ್ಮಗನ ಸೇರನ್ನೂ ಹೋಲಿಸುವುದು ಹರಟೆಯ ಕಟ್ಟೆಗೆ ತಕ್ಕ ವಿಷಯ, ಅಷ್ಟೆ.

ಆದರೆ ಹರಟೆಯಲ್ಲಿ ಮುಗಿಯದ ಸ್ಥಾನವೊಂದಿದೆ. ಅಂಕದ ಮೇಲೆ ಶಾಸನದಲ್ಲಿ ಒಂದು ಗೆರೆಯನ್ನು ಎಳೆದು, ಇದನ್ನು ದಾಟಿದವನಿಗೆ ಇದು, ದಾಟದವನಿಗೆ ಇಲ್ಲವೆಂದು ಬರೆದಾಗ, ಉಬ್ಬರ ಇಳಿತಗಳು ನ್ಯಾಯಾನ್ಯಾಯಗಳಾಗುತ್ತವೆ. ಚದುರಂಗದಲ್ಲಿ 2500ನ್ನು ಮುಟ್ಟಿ ಮಿಕ್ಕ ನಿಬಂಧನೆಗಳನ್ನೂ ಪೂರೈಸಿದವರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು, ಮೈಸೂರಿನ ಎಂ. ಎಸ್. ತೇಜಕುಮಾರ್ 2017ರಲ್ಲಿ ಅದನ್ನು ಪಡೆದ ಮೊದಲ ಕರ್ನಾಟಕದವರು. ಗೆರೆ ನಿಂತಲ್ಲೇ ನಿಂತು ನೆಲವೇ ಏರಿದರೆ ಬಿರುದು ಅಗ್ಗ; ನೆಲವು ಕುಸಿದರೆ ಯೋಗ್ಯನಿಗೂ ದುರ್ಲಭ.

ಆಟವನ್ನು ಬಿಟ್ಟು ಈ ಜಿಲ್ಲೆಯ ಮನೆಮನೆಗೂ ತಗಲಿದ ಗೆರೆಯೊಂದನ್ನು ನೆನೆದರೆ ವಿಷಯವು ಇನ್ನೂ ಸ್ಪಷ್ಟವಾದೀತು. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ದೂರದಿಂದ ನೋಡುವ ಕ್ಯಾಮರಾಗಳ ಕಾವಲಿನಲ್ಲಿ ನಡೆಸಿದರು. ನಕಲು ನಿಂತಿತು, ಅದರೊಡನೆ ಅಂಕಗಳೂ ಇಳಿದವು. ಆಗ ಕೃಪಾಂಕವನ್ನು ನೂರಕ್ಕೆ 10ರಿಂದ 20ಕ್ಕೆ, ಆ ಒಂದು ವರ್ಷದ ಮಟ್ಟಿಗೆ, ಏರಿಸಿದರು. ಹೀಗೆ ಎತ್ತಿದ ಮೇಲೂ ಉಡುಪಿ 94ರಷ್ಟು ತೇರ್ಗಡೆಯೊಡನೆ ಮೊದಲನೆಯದು, ಯಾದಗಿರಿ 50.59ರೊಡನೆ ಕಡೆಯದು. ಎಲ್ಲರ ಕಾಲ ಕೆಳಗೂ ಒಂದೇ ಎತ್ತರದ ಮಣೆಯನ್ನಿಟ್ಟರೆ ಸಾಲಿನ ಕ್ರಮವು ಬದಲಾಗದೆಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಡ. ಕೃಪಾಂಕದಿಂದ ಗೆರೆ ದಾಟಿದ ಬಾಲಕನ ಹರ್ಷವನ್ನು ಹಳಿಯುವುದು ಕ್ರೌರ್ಯ. ಅವನು ಕೇಳಿ ಪಡೆದದ್ದಲ್ಲ. ಆದರೆ ಹಿಂದಿನ ವರ್ಷಗಳಲ್ಲಿ ಕಾವಲಿಲ್ಲದ ಕೋಣೆಗಳಲ್ಲಿ ಬಂದ ಅಂಕಗಳು ಉಬ್ಬಿದ್ದವೆಂಬುದನ್ನೂ, 2024ರ ಇಳಿತದಲ್ಲಿ ಒಂದಂಶ ಕೇವಲ ಸತ್ಯದರ್ಶನವೆಂಬುದನ್ನೂ ಹೇಳದೆ ಬಿಟ್ಟರೆ ಕೃಪೆಯು ಮುಚ್ಚಳವಾಗುತ್ತದೆ. ತಿದ್ದುಪಡಿಯನ್ನು ತಿದ್ದುಪಡಿಯೆಂದು ಬರೆದಿಟ್ಟಲ್ಲಿ ಮಾತ್ರ ಅದು ಸತ್ಯದ ಪಕ್ಷಕ್ಕೆ ಸೇರುತ್ತದೆ.

ಉಬ್ಬರದ ಗೊಡವೆಯೇ ಬೇಡ, ಅಂಕವನ್ನು ಬಿಟ್ಟು ಶ್ರೇಣಿಯನ್ನು ಮಾತ್ರ ಇಟ್ಟುಕೊಳ್ಳೋಣವೆಂದು ಕೆಲವರು ಹೇಳುವರು. ಮೊದಲನೆಯ ಸ್ಥಾನ ಎಂದೆಂದಿಗೂ ಒಂದೇ. ಅದು ಉಬ್ಬದು, ಕುಗ್ಗದು. ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಸಂಸ್ಥೆಯು 2018ರಲ್ಲಿ ಈ ದಾರಿಯನ್ನು ಹಿಡಿದು, ಎದುರಾಳಿಯ ಬಲವನ್ನು ತೂಗುವ ಹಳೆಯ ಪದ್ಧತಿಯನ್ನು ಬಿಟ್ಟು, ಪಂದ್ಯಾವಳಿಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಶ್ರೇಣಿ ಕಟ್ಟತೊಡಗಿತು. ಅದರಿಂದ ಒಂದು ರೋಗ ಹೋಗಿ ಇನ್ನೊಂದು ಬಂದಿತು: ಆಡಿದವನು ಏರುತ್ತಾನೆ, ಆಡಲು ಹೋಗಲಾಗದವನು ಇಳಿಯುತ್ತಾನೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಭಾರತದ ಮಹಿಳಾ ತಂಡದ ಮೂರನೆಯ ಸ್ಥಾನವು ಈ ಶ್ರೇಣಿಯ ಆಧಾರದ ಮೇಲೆ ಬೆಂಗಳೂರಿನ ಅರ್ಚನಾ ಕಾಮತರಿಗೆ ಬಂದಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬೂಸಾನಿನಲ್ಲಿ ಆಗಿನ ಪ್ರಪಂಚದ ಮೊದಲನೆಯ ಆಟಗಾರ್ತಿ ಸುನ್ ಯಿಂಗ್‌ಶಾಳನ್ನು ಸೋಲಿಸಿದ್ದ ಐಹಿಕಾ ಮುಖರ್ಜಿಯವರು ಕಾದಿರಿಸಿದ ಆಟಗಾರ್ತಿಯಾದರು. ಅನೇಕರು ಇದನ್ನು ಅನ್ಯಾಯವೆಂದರು. ಪ್ಯಾರಿಸ್ಸಿನಲ್ಲಿ ಭಾರತದ ತಂಡವು ಮೊದಲ ಬಾರಿಗೆ ಎಂಟರ ಘಟ್ಟವನ್ನು ಮುಟ್ಟಿ, ಜರ್ಮನಿಗೆ 1–3ರಿಂದ ಸೋತಿತು. ಆ ಒಂದು ಗೆಲುವು ಅರ್ಚನಾ ಅವರದು. ಇದರಿಂದ ಶ್ರೇಣಿಯು ಸರಿಯೆಂದು ಸಿದ್ಧವಾಯಿತೆ? ಇಲ್ಲ; ಐಹಿಕಾ ಆಡಿದ್ದರೆ ಏನಾಗುತ್ತಿತ್ತೆಂಬುದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಸಾರಿ ಹೇಳಿದ ನಿಯಮವನ್ನು ಕೊನೆಗಳಿಗೆಯಲ್ಲಿ ಮುರಿಯಲಿಲ್ಲವೆಂಬುದು ಮಾತ್ರ ಸಿದ್ಧವಾಯಿತು, ಅದೂ ಅಲ್ಪವಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನ ಚಿನ್ನದ ಪದಕಗಳನ್ನು ಗೆದ್ದ ಚೀನದ ಫಾನ್ ಝೆಂಡಾಂಗ್, ಚೆನ್ ಮೆಂಗ್ ಇಬ್ಬರೂ ಪಂದ್ಯ ತಪ್ಪಿಸಿದರೆ ದಂಡ ತೆರಬೇಕೆಂಬ ನಿಯಮಕ್ಕೆ ಒಪ್ಪದೆ ಪ್ರಪಂಚದ ಶ್ರೇಣಿಯಿಂದಲೇ ತಮ್ಮ ಹೆಸರುಗಳನ್ನು ತೆಗೆಸಿಕೊಂಡರು. ಅವರ ಕೆಳಗಿದ್ದವರೆಲ್ಲ ಒಂದು ಮೆಟ್ಟಿಲು ಮೇಲೆ ಬಂದರು, ಒಂದು ಪಂದ್ಯವನ್ನೂ ಆಡದೆ.

ಅಂಕವೂ ಬೇಕು, ಶ್ರೇಣಿಯೂ ಬೇಕು. ಆದರೆ ಕಾವಲೂ ಬೇಕು. ವನದುರ್ಗದಲ್ಲಾಗಲಿ ಸುರಪುರದಲ್ಲಾಗಲಿ ನಾಳೆ ನಾಲ್ಕು ಜನರು ಕೂಡಿ ಮೇಜನ್ನು ಹಾಕಿದರೆ ಅವರು ಮಾಡಬಹುದಾದದ್ದು ಬಹಳ ಕಷ್ಟದ್ದೇನೂ ಅಲ್ಲ. ಹೊಸಬನಿಗೆ ರೂಢಿಯ 1000 ಕೊಡದೆ, ನಾಲ್ಕಾರು ಹಳಬರೊಡನೆ ಆಡಿಸಿ ಅನಂತರ ಅಂಕ ಕಟ್ಟಬೇಕು. ನಾಣ್ಯದ ಮೇಲೆ ವರ್ಷವಿದ್ದಂತೆ ಅಂಕದ ಪಕ್ಕದಲ್ಲಿ ವರ್ಷವನ್ನು ಬರೆಯಬೇಕು. ವರ್ಷಕ್ಕೊಮ್ಮೆಯಾದರೂ ಒಬ್ಬಿಬ್ಬರನ್ನು ಕಲಬುರಗಿಗೋ ಬೆಂಗಳೂರಿಗೋ ಕಳುಹಿಸಿ ಊರಿನ ಕಲ್ಲನ್ನು ಹೊರಗಿನ ಕಲ್ಲಿನೊಡನೆ ತೂಗಿಸಬೇಕು. ಬೆಳೆಯುವ ಹುಡುಗನ ಏರಿಕೆಯನ್ನು ಕಲಿಸಿದವನ ಚೀಲದಿಂದ ಕೊಡದೆ ಸಂಘದ ಚೀಲದಿಂದ ಕೊಡಬೇಕು, ಕೊಟ್ಟದ್ದನ್ನು ಬರೆದಿಡಬೇಕು.

ಗುರುಶಿಷ್ಯರ ನಡುವಿನ ಆಟಗಳನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಹಿರಿಯನ ಮಾನ ಉಳಿಯುವುದೆಂದು ಯಾರಾದರೂ ಸೂಚಿಸಬಹುದು. ಮೇಲುನೋಟಕ್ಕೆ ಅದು ದಯೆಯಂತೆ ತೋರುತ್ತದೆ. ಆದರೆ ಅದನ್ನು ಮೊದಲು ನಿರಾಕರಿಸತಕ್ಕವನು ಆ ಗುರುವೇ. ಏಕೆಂದರೆ ಆ ಆಟಗಳನ್ನು ಬರೆಯದೆ ಬಿಟ್ಟರೆ ಶಿಷ್ಯನ ಅಂಕವು ಅವನ ಯೋಗ್ಯತೆಗಿಂತ ಕೆಳಗೆ ನಿಲ್ಲುತ್ತದೆ. ಅವನು ಕಲಬುರಗಿಯ ಪಂದ್ಯಾವಳಿಗೆ ಹೋದ ದಿನ, ಈ ಊರಿನ ಹೆಸರನ್ನೂ ಕೇಳದ ಅಲ್ಲಿಯ ಯಾವನೋ ಒಬ್ಬ ಆಟಗಾರನು ಅವನಿಗೆ ಸೋತು, ಇಲ್ಲಿ ತೆರದೆ ಉಳಿಸಿದ 50 ಅಂಕಗಳನ್ನು ತನ್ನ ಚೀಲದಿಂದ ತೆರುತ್ತಾನೆ.